ಟಾರ್ನೇಡೋ ಕ್ಯಾಶ್: ಕೋಡ್‌ಗೆ ಬೀಗ ಹಾಕೋಕೆ ಆಗುತ್ತಾ?

ಟಾರ್ನೇಡೋ ಕ್ಯಾಶ್ ಅಂದರೆ ಇಥೀರಿಯಂ ಮೇಲೆ ಓಡುವ ಒಂದು ‘ಮಿಕ್ಸರ್’. ಹಲವರ ಕ್ರಿಪ್ಟೋ ಒಂದೇ ರಾಶಿಗೆ ಬೀಳುತ್ತೆ. ಹಾಕಿದ್ದು ಯಾರು, ತೆಗೆದದ್ದು ಯಾರು ಅನ್ನೋ ಕೊಂಡಿ ಕಾಣಲ್ಲ. ಖಾಸಗಿತನ ಬೇಕಾದವರೂ ಬಳಸಿದರು, ಉತ್ತರ ಕೊರಿಯಾದ ಹ್ಯಾಕರ್‌ಗಳೂ ಬಳಸಿದರು.

2022ರ ಆಗಸ್ಟ್ 8ರಂದು ಅಮೆರಿಕದ ಖಜಾನೆ ಇಲಾಖೆ ಇದನ್ನು ನಿರ್ಬಂಧಿತರ ಪಟ್ಟಿಗೆ ಸೇರಿಸಿತು. ಗಿಟ್‌ಹಬ್‌ನಿಂದ ಕೋಡ್ ಮಾಯವಾಯಿತು.

ಕ್ರಿಪ್ಟೋ ಸಮುದಾಯ ಒಡೆದದ್ದು ಇಲ್ಲೇ. ಪ್ರಾಧ್ಯಾಪಕ ಮ್ಯಾಥ್ಯೂ ಗ್ರೀನ್ ಅದೇ ಕೋಡನ್ನು ಮತ್ತೆ ಪ್ರಕಟಿಸಿದರು. ಆರು ಮಂದಿ, ಕಾಯಿನ್‌ಬೇಸ್‌ನ ಹಣದ ನೆರವಿನಿಂದ, ಕೋರ್ಟಿಗೆ ಹೋದರು. ಆದರೆ ಸರ್ಕಲ್ ಕಂಪನಿ ಪಟ್ಟಿಯಲ್ಲಿದ್ದ ವಿಳಾಸಗಳ ಯುಎಸ್‌ಡಿಸಿಯನ್ನು ತಡೆಹಿಡಿಯಿತು. ಆ ನವೆಂಬರ್ ಹೊತ್ತಿಗೆ ಇಥೀರಿಯಂನ ಬಹುಪಾಲು ಬ್ಲಾಕ್‌ಗಳು ನಿರ್ಬಂಧ ಪಾಲಿಸುವ ರಿಲೇಗಳ ಮೂಲಕವೇ ಬರುತ್ತಿದ್ದವು. ಅಂದರೆ, ಸೆನ್ಸಾರ್‌ಗೆ ಜಗ್ಗಲ್ಲ ಅಂದ ಜಾಲದೊಳಗೇ ಸೆನ್ಸಾರ್ ಶುರುವಾಗಿತ್ತು. ಯಾರೂ ಪೊಲೀಸರನ್ನು ಕಳಿಸಬೇಕಾಗಲಿಲ್ಲ, ಭಯವೇ ಸಾಕಾಯಿತು.

2024ರ ನವೆಂಬರ್‌ನಲ್ಲಿ ಅಮೆರಿಕದ ಐದನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ, ಯಾರೂ ಬದಲಿಸಲಾಗದ ಸ್ಮಾರ್ಟ್ ಕಾಂಟ್ರಾಕ್ಟ್ ಯಾರದ್ದೂ ‘ಆಸ್ತಿ’ಯಲ್ಲ, ಅದಕ್ಕೆ ಈ ನಿರ್ಬಂಧ ಅನ್ವಯಿಸದು ಎಂದಿತು. 2025ರ ಮಾರ್ಚ್‌ನಲ್ಲಿ ನಿರ್ಬಂಧ ತೆರವಾಯಿತು. ಕೋಡ್ ಗೆದ್ದಿತು.

ಬರೆದವರು? ಅಲೆಕ್ಸಿ ಪೆರ್ಟ್ಸೆವ್‌ಗೆ ನೆದರ್‌ಲೆಂಡ್ಸ್‌ನ ಕೋರ್ಟ್ 2024ರ ಮೇನಲ್ಲಿ 64 ತಿಂಗಳ ಜೈಲು ವಿಧಿಸಿತು. ಅವರು ಮೇಲ್ಮನವಿ ಸಲ್ಲಿಸಿದರು. ರೋಮನ್ ಸ್ಟಾರ್ಮ್ 2025ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಒಂದು ಆರೋಪದಲ್ಲಿ ದೋಷಿ ಎನಿಸಿದರು.

ಎಂಜಿನಿಯರಿಂಗ್ ಓದುವಾಗ ಕೋಡ್‌ಗೆ ಗಡಿಯಿಲ್ಲ ಅಂತ ನಂಬಿದ್ದೆ. ಈಗಲೂ ನಂಬ್ತೀನಿ. ಆದರೆ ಕೀಬೋರ್ಡ್ ಮೇಲಿನ ಕೈಗೆ ಕೋಳ ಬೀಳುತ್ತೆ. ಕದ್ದ ಹಣವನ್ನು ಹಿಡಿಯಲೇಬೇಕು, ಸರಿ. ಅದಕ್ಕೆ ಉಪಕರಣ ಮಾಡಿದವನನ್ನೇ ಹಿಡಿದರೆ, ನಾಳೆ ಖಾಸಗಿತನದ ಸಾಫ್ಟ್‌ವೇರ್ ಬರೆಯೋರು ಯಾರು?