ಟಾರೆಸ್ ಜಲಸಂಧಿಯ ಮುಳುಗುಗಾರರು

ನಮ್ಮ ಹಿರಿಯರ ಕಾಲದ ಒಳ್ಳೆಯ ಅಂಗಿಗಳಲ್ಲಿ, ಬೆಳಕಿಗೆ ಹಿಡಿದರೆ ಕಾಮನಬಿಲ್ಲಿನ ಬಣ್ಣ ಮಿನುಗುವ ಬಿಳಿಯ ಗುಂಡಿಗಳಿರುತ್ತಿದ್ದುದನ್ನು ಕೆಲವರಾದರೂ ಬಲ್ಲರು. ಪ್ಲಾಸ್ಟಿಕ್ಕು ಬರುವ ಮೊದಲು ಅಂಥ ಗುಂಡಿಗಳನ್ನು ಮುತ್ತಿನ ಚಿಪ್ಪಿನಿಂದ ಕೊರೆದು ಮಾಡುತ್ತಿದ್ದರು. ಚಿಪ್ಪಿಗೆ ಹೆಸರಾದ ಕಡಲುಗಳಲ್ಲಿ ಒಂದು ಟಾರೆಸ್ ಜಲಸಂಧಿ. ಆಸ್ಟ್ರೇಲಿಯದ ಕೇಪ್ ಯಾರ್ಕ್ ಭೂಶಿರಕ್ಕೂ ನ್ಯೂಗಿನಿಗೂ ನಡುವೆ ಸುಮಾರು 150 ಕಿಲೋಮೀಟರು ಅಗಲದ ಈ ನೀರಿನಲ್ಲಿ ಇನ್ನೂರಕ್ಕೂ ಹೆಚ್ಚು ದ್ವೀಪಗಳುಂಟು. ಮುತ್ತನ್ನು ಹೊಗಳಿದ ಕವಿಗಳಿಗೆ ಲೆಕ್ಕವಿಲ್ಲ. ಅದಕ್ಕಾಗಿ ಉಸಿರು ಕಟ್ಟಿ ಮುಳುಗಿದವನ ಮಾತನ್ನು ಎತ್ತಿದವರು ವಿರಳ.

ಚಿಪ್ಪಿನ ವ್ಯಾಪಾರಿಗಳು ಇಲ್ಲಿಗೆ ಬಂದದ್ದು 1860ರ ದಶಕದ ಕೊನೆಯಲ್ಲಿ. 1879ರ ಹೊತ್ತಿಗೆ ದ್ವೀಪಗಳೆಲ್ಲ ಕ್ವೀನ್ಸ್‌ಲೆಂಡ್ ಸರಕಾರದ ವಶವಾದುವು. ಆಳವಾದ ನೀರಿನಲ್ಲಿ ತಾಮ್ರದ ಶಿರಸ್ತ್ರಾಣ ತೊಟ್ಟು ಇಳಿಯುತ್ತಿದ್ದವರು ಬಹುಮಟ್ಟಿಗೆ ಜಪಾನೀಯರು. ಅವರಲ್ಲಿ ನೂರಾರು ಮಂದಿ ಥರ್ಸ್‌ಡೇ ದ್ವೀಪದ ಸ್ಮಶಾನದಲ್ಲಿ ಮಲಗಿದ್ದಾರೆ. ದ್ವೀಪದ ಮೂಲನಿವಾಸಿಗಳು ಮಾತ್ರ ಹೆಚ್ಚಾಗಿ ಬರಿಮೈಯಲ್ಲೇ ಮುಳುಗಿದರು.

ಅವರ ಮನೆಯೆಂದರೆ ‘ಲಗ್ಗರ್’ ಎಂಬ ಎರಡು ಕೂವೆಮರದ ಹಾಯಿ ಹಡಗು. ವಾರಗಟ್ಟಲೆ ಅದರ ಮೇಲೆಯೇ ಅಡಿಗೆ, ಅದರ ಮೇಲೆಯೇ ನಿದ್ದೆ. ತೆರೆದ ಚಿಪ್ಪಿನ ಮಾಂಸದ ನಾತ ಹಗಲಿರುಳೂ ಜತೆಯಲ್ಲಿ. ಬೆಳಗಾದರೆ ಹಡಗಿನಿಂದ ಚಿಕ್ಕ ದೋಣಿಗಳನ್ನು ಇಳಿಸಿ, ಕನ್ನಡಕ ಕಟ್ಟಿಕೊಂಡು, ಹವಳದ ದಿಬ್ಬಗಳ ನಡುವೆ ಧುಮುಕುವುದು. ಇವರ ಪಂಚಾಂಗ ಚಂದ್ರನದು. ಅಮಾವಾಸ್ಯೆ ಹುಣ್ಣಿಮೆಗಳ ಸುಮಾರಿಗೆ ಉಬ್ಬರ ಇಳಿತ ಹೆಚ್ಚಿ, ಎರಡು ಮಹಾಸಾಗರಗಳ ನೀರು ಈ ಕಿರಿದಾದ ಬಾಗಿಲಲ್ಲಿ ಹೊಳೆಯಂತೆ ನುಗ್ಗುತ್ತದೆ. ಕೆಸರೆದ್ದು ಕೈ ಕಾಣದಂತಾಗುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಸೆಳೆತ ತಗ್ಗಿ ನೀರು ತಿಳಿಯಾಗುತ್ತದೆ. ದುಡಿಮೆಯೆಲ್ಲ ಆಗ.

ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಊರಿಗೆ ಊರೇ ಕೂಡಿ ಕಂತಿನ ಮೇಲೆ ಹಡಗು ಕೊಳ್ಳುವ ಏರ್ಪಾಡು ಬಂತು. ಇವು ‘ಕಂಪನಿ ದೋಣಿ’ಗಳು. ಹೆಸರಿಗೆ ದ್ವೀಪದವರವು, ಅಷ್ಟೆ. ಬಂದ ಹಣ ದುಡಿದವನ ಕೈಗೆ ಬರುತ್ತಿರಲಿಲ್ಲ. ‘ರಕ್ಷಕ’ನೆಂಬ ಸರಕಾರಿ ಅಧಿಕಾರಿಯ ಲೆಕ್ಕಕ್ಕೆ ಜಮೆಯಾಗಿ, ಸರಕಾರದ ಅಂಗಡಿಯಲ್ಲಿಯೇ ಖರ್ಚಾಗಬೇಕು. ಒಂದು ದ್ವೀಪದಿಂದ ಮತ್ತೊಂದಕ್ಕೆ ಹೋಗಲು ಅಪ್ಪಣೆ ಬೇಕು. ಸಂಜೆಯಾದ ಮೇಲೆ ಹೊರಗೆ ತಿರುಗುವಂತಿಲ್ಲ. ಸೋಮಾರಿಗಳೆಂದು ಅಧಿಕಾರಿಗೆ ತೋರಿದರೆ ಹಡಗನ್ನೇ ಕಿತ್ತುಕೊಳ್ಳಬಹುದು. ರಕ್ಷಕನೆಂಬ ಮಾತಿಗೆ ಇಂಥ ಅರ್ಥವನ್ನು ಯಾವ ನಿಘಂಟೂ ಕೊಟ್ಟಂತಿಲ್ಲ.

1936ರ ಜನವರಿ. ಕ್ರಿಸ್‌ಮಸ್ಸಿಗೆ ಊರಿಗೆ ಬಂದ ನಾವಿಕರು ಹೊಸ ವರ್ಷದ ದುಡಿಮೆಗೆ ರುಜು ಹಾಕಬೇಕಾಗಿತ್ತು. ಹಾಕಲಿಲ್ಲ. ಒಂದು ದ್ವೀಪದ ಮಾತು ಇನ್ನೊಂದಕ್ಕೆ ಹೇಗೋ ಮುಟ್ಟಿತ್ತು. ಸುಮಾರು 400 ಮಂದಿ ಕೆಲಸಕ್ಕೆ ಬರುವುದಿಲ್ಲವೆಂದರು. ಕೂಲಿ ಹೆಚ್ಚಿಸಿರೆಂಬುದಷ್ಟೇ ಅವರ ಬೇಡಿಕೆಯಾಗಿರಲಿಲ್ಲ. ನಮ್ಮ ಹಡಗು, ನಮ್ಮ ಹಣ, ನಮ್ಮ ಊರು ನಮ್ಮ ಕೈಯಲ್ಲಿರಲಿ ಎಂದು ಕೇಳಿದರು. ಕೆಲವರು ಸೆರೆಮನೆ ಕಂಡರು. ಮುಷ್ಕರ ತಿಂಗಳುಗಟ್ಟಲೆ ನಡೆಯಿತು. ಕಡೆಗೆ ಸರಕಾರ ಆ ರಕ್ಷಕನನ್ನು ಬದಲಾಯಿಸಿತು, ರಾತ್ರಿಯ ನಿರ್ಬಂಧವನ್ನು ತೆಗೆಯಿತು. 1937ರಲ್ಲಿ ಯಾರ್ಕ್ ದ್ವೀಪದಲ್ಲಿ ದ್ವೀಪಗಳ ಪ್ರತಿನಿಧಿಗಳು ಮೊದಲ ಸಲ ಒಟ್ಟಾಗಿ ಕುಳಿತರು. ಹಣದ ಮೇಲಣ ಹಿಡಿತ ಮಾತ್ರ ಬೇಗ ಸಡಿಲಲಿಲ್ಲ.

ಯುದ್ಧ ಮುಗಿದು, ಪ್ಲಾಸ್ಟಿಕ್ ಗುಂಡಿ ಬಂದು, 1960ರ ಸುಮಾರಿಗೆ ಚಿಪ್ಪಿನ ವ್ಯಾಪಾರ ಕುಸಿಯಿತು. ಹಾಯಿಗಳು ಇಳಿದುವು. ಯುವಕರು ರೈಲುಹಾದಿ ಹಾಕಲು, ಕಬ್ಬು ಕಡಿಯಲು ದೊಡ್ಡ ನೆಲಕ್ಕೆ ಹೋದರು. ಅವರಲ್ಲಿ ಒಬ್ಬ, ಮುಷ್ಕರದ ವರ್ಷವೇ ಮೇರ್ ದ್ವೀಪದಲ್ಲಿ ಹುಟ್ಟಿ, ಹರೆಯದಲ್ಲಿ ಲಗ್ಗರುಗಳ ಮೇಲೆ ದುಡಿದಿದ್ದ ಎಡ್ಡಿ ಮಾಬೊ. ಆಸ್ಟ್ರೇಲಿಯದ ನೆಲ ಯಾರಿಗೂ ಸೇರದ್ದಾಗಿತ್ತೆಂಬ ಹಳೆಯ ಕಟ್ಟುಕತೆಯನ್ನು 1992ರಲ್ಲಿ ಉಚ್ಚ ನ್ಯಾಯಾಲಯ ತಳ್ಳಿಹಾಕಿದ್ದು ಅವನ ಹೆಸರಿನ ಮೊಕದ್ದಮೆಯಲ್ಲಿ. ತೀರ್ಪು ಬರುವ ಕೆಲವೇ ತಿಂಗಳ ಮುಂಚೆ ಅವನು ತೀರಿಕೊಂಡಿದ್ದ.

ಊರಿನಲ್ಲೇ ಉಳಿದವರಿಗೆ ಆಸರೆಯಾದದ್ದು ಲಾಬ್‌ಸ್ಟರು. ನಮ್ಮ ಸೀಗಡಿಯ ನೆಂಟನೆನ್ನಬಹುದಾದ ಈ ಪ್ರಾಣಿಗೆ ಉದ್ದನೆಯ ಮೀಸೆ, ಮುಳ್ಳು ಚಿಪ್ಪು, ಮೈತುಂಬ ಬಣ್ಣದ ಚಿತ್ತಾರ. ಇಲ್ಲಿಯ ಜಾತಿ ಬೋನಿಗೆ ಸುಲಭವಾಗಿ ಬೀಳುವುದಿಲ್ಲ. ಬಂಡೆಯ ಸಂದಿಗೇ ಮುಳುಗಿ, ಕೈಯಿಂದಲೋ ಗಿಡ್ಡ ಭರ್ಜಿಯಿಂದಲೋ ಹಿಡಿಯಬೇಕು. ಹೀಗಾಗಿ ಅಜ್ಜಂದಿರು ಚಿಪ್ಪಿಗಾಗಿ ಕಲಿತ ವಿದ್ಯೆ 1960ರ ದಶಕದ ಕೊನೆಯಿಂದ ಮೊಮ್ಮಕ್ಕಳಿಗೆ ಬೇರೊಂದು ಬೇಟೆಗೆ ಒದಗಿತು. ಹಾಯಿಯ ಜಾಗಕ್ಕೆ ಯಂತ್ರ ಬಂತು. ಆದರೂ ದೊಡ್ಡ ದೋಣಿಯಲ್ಲಿ ವಾಸ, ಚಿಕ್ಕ ದೋಣಿಯಿಂದ ಮುಳುಗು ಎಂಬ ಕ್ರಮ ಇಂದಿಗೂ ಉಂಟು. ಈ ಲಾಬ್‌ಸ್ಟರುಗಳು ಪ್ರಾಯಕ್ಕೆ ಬಂದಾಗ ಕಡಲತಳದಲ್ಲಿ ನೂರಾರು ಕಿಲೋಮೀಟರು ನಡೆದು, ಪಪುವಾ ಕೊಲ್ಲಿ ದಾಟಿ ಯೂಲ್ ದ್ವೀಪದ ಕಡೆಗೆ ಸಂತಾನಕ್ಕಾಗಿ ಹೋಗುತ್ತವೆ. ಆ ಯಾತ್ರೆಯ ದಾರಿಯಲ್ಲಿ ಎಳೆಬಲೆ ಬೀಸಿ ಬಾಚುವುದನ್ನು 1980ರ ದಶಕದಲ್ಲಿ ನಿಲ್ಲಿಸಬೇಕಾಯಿತು.

ಹಿಡಿದದ್ದು ಬಹುಪಾಲು ಜೀವಂತವಾಗಿ ಚೀನದ ಊಟದ ಮೇಜಿಗೆ ಹೋಗುತ್ತದೆ. 2020ರಲ್ಲಿ ಚೀನ ಬಾಗಿಲು ಮುಚ್ಚಿದಾಗ ದ್ವೀಪಗಳಲ್ಲಿ ಕೈ ಬರಿದಾಯಿತು. 2024ರ ಕೊನೆಗೆ ಅದು ತೆರೆಯಿತು.

ಕಡಲಿನ ಮಾತು ನ್ಯಾಯಾಲಯಕ್ಕೆ ಬಂದದ್ದು ನೆಲದ ಮಾತಿನ ನಂತರ. ಊಟಕ್ಕೆ ಹಿಡಿಯಬಹುದು, ಮಾರುವ ಹಕ್ಕು ಎಲ್ಲಿಂದ ಬಂತು ಎಂಬುದು ಸರಕಾರದ ಕಡೆಯ ವಾದ. ತಲೆತಲಾಂತರದಿಂದ ಕೊಟ್ಟು ಕೊಂಡು ಬಾಳಿದ ಜನಕ್ಕೆ ಈ ಭೇದವೇ ವಿಚಿತ್ರ. ಪರವಾನಗಿಯ ಕಾನೂನುಗಳು ಎಷ್ಟೇ ಬಂದಿದ್ದರೂ, ಮಾರಾಟಕ್ಕೆ ಹಿಡಿಯುವುದೂ ಸೇರಿದ ಮೂಲ ಹಕ್ಕು ಅಳಿದಿಲ್ಲವೆಂದು 2013ರ ಆಗಸ್ಟಿನಲ್ಲಿ ಉಚ್ಚ ನ್ಯಾಯಾಲಯ ತೀರ್ಪಿತ್ತಿತು. ಪರವಾನಗಿ ಬೇಕೇ ಬೇಕು. ಹೊರಗಿನವರನ್ನು ತಡೆಯುವ ಅಧಿಕಾರವೂ ಇದರಲ್ಲಿಲ್ಲ.

ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಮಾರಾಟದ ಬೇಟೆ ಪೂರ್ತಿ ಬಂದ್. ಡಿಸೆಂಬರಿನಲ್ಲಿ ತೆರೆದರೂ, ಜನವರಿ ಮುಗಿಯುವವರೆಗೆ ಗಾಳಿಕೊಳವೆ ಕಚ್ಚಿಕೊಂಡು ಇಳಿಯುವಂತಿಲ್ಲ. ಆ ಎರಡು ತಿಂಗಳು ಕಡಲು ಒಂದೇ ಉಸಿರಿನಲ್ಲಿ ಮುಳುಗಬಲ್ಲವರದು.