ಮಣ್ಣಿನ ಟ್ರ್ಯಾಕಿನ ಹುಡುಗಿಯರು

ಬಹಳ ದಿನಗಳಾದವು ಇಲ್ಲಿ ಏನಾದರೂ ಬರೆದು. ಕೆಲಸ, ರಿಲೀಸು, ಮತ್ತೆ ಕೆಲಸ... ನೆಪಗಳೆಲ್ಲ ನಿಮಗೂ ಗೊತ್ತಿರುವವೇ :-)

ಆನ್‌ಸೈಟ್ ಅಂತ ಅಮೆರಿಕದ ನ್ಯಾಶ್‌ವಿಲ್‌ನಲ್ಲಿದ್ದಾಗ ಒಂದು ಶನಿವಾರ ಗೆಳೆಯರೆಲ್ಲ ಸೇರಿ ಕಾರಿನಲ್ಲಿ ಸೇಂಟ್ ಲೂಯಿಸ್ ಕಡೆ ಹೊರಟಿದ್ದೆವು. ದಾರಿಯಲ್ಲಿ ಕ್ಲಾರ್ಕ್ಸ್‌ವಿಲ್ ಎಂಬ ಊರಿನ ಹತ್ತಿರ 'ವಿಲ್ಮಾ ರುಡಾಲ್ಫ್ ಬುಲೆವಾರ್ಡ್' ಎಂಬ ಬೋರ್ಡು ಕಾಣಿಸಿತು. ಹೆಸರು ಕೇಳಿದ್ದೆ. ಪೋಲಿಯೋ ಬಂದು ಕಾಲಿಗೆ ಪಟ್ಟಿ ಹಾಕಿಕೊಂಡಿದ್ದ ಹುಡುಗಿ, 22 ಮಕ್ಕಳಲ್ಲಿ 20ನೆಯವಳು, ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ ಗೆದ್ದಳು. ವಾಟ್ಸಾಪ್‌ನಲ್ಲಿ ಆಗಾಗ ಬಂದು ಬೀಳುವ ಸ್ಫೂರ್ತಿಯ ಕಥೆ ಇದು. ಆ ಕಥೆಯಲ್ಲಿ ಯಾವಾಗಲೂ ಬಿಟ್ಟುಹೋಗುವುದು ಅವಳ ಕಾಲೇಜು. ರೂಮಿಗೆ ವಾಪಸ್ ಬಂದ ಮೇಲೆ ಕೂತು ಓದಿದೆ. ಓದುತ್ತಾ ಹೋದಂತೆ ವಿಲ್ಮಾಳಿಗಿಂತ ಆ ಕಾಲೇಜೇ ನನ್ನನ್ನು ಹಿಡಿದುಕೊಂಡಿತು.

ಕಪ್ಪು ವರ್ಣೀಯ ವಿದ್ಯಾರ್ಥಿಗಳಿಗೆಂದೇ ಸರ್ಕಾರ 1912ರಲ್ಲಿ ನ್ಯಾಶ್‌ವಿಲ್‌ನಲ್ಲಿ ತೆರೆದ ಸಂಸ್ಥೆ ಅದು. ಆಗ ಟೆನ್ನೆಸ್ಸೀ ಎ ಅಂಡ್ ಐ, 1968ರಿಂದ ಟೆನ್ನೆಸ್ಸೀ ಸ್ಟೇಟ್ ಯೂನಿವರ್ಸಿಟಿ. ರಾಜ್ಯದ ದೊಡ್ಡ ವಿಶ್ವವಿದ್ಯಾಲಯ ಪದವಿ ತರಗತಿಗಳಿಗೆ ಕಪ್ಪು ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿದ್ದು 1961ರಲ್ಲಿ. ಅಂದರೆ, ವಿಲ್ಮಾ ರೋಮ್‌ನಿಂದ ಮೂರು ಚಿನ್ನ ಹೊತ್ತು ತಂದ 1960ರಲ್ಲೂ ಅವಳಿಗೆ ಅಲ್ಲಿ ಸೀಟು ಸಿಗುತ್ತಿರಲಿಲ್ಲ!

ಈ ಸಣ್ಣ ಕಾಲೇಜಿನ ಮಹಿಳಾ ಓಟದ ತಂಡದ ಹೆಸರು 'ಟೈಗರ್‌ಬೆಲ್ಸ್'. ಕೋಚ್ ಎಡ್ ಟೆಂಪಲ್. ಅದೇ ಕಾಲೇಜಿನಲ್ಲಿ ಓದಿ, ಅಲ್ಲೇ ತಿಂಗಳಿಗೆ 150 ಡಾಲರ್‌ಗೆ ಕೆಲಸಕ್ಕೆ ನಿಂತವರು. ಆ ಸಂಬಳಕ್ಕೆ ತಂಡವನ್ನೂ ನೋಡಿಕೊಳ್ಳಬೇಕು, ಕ್ಯಾಂಪಸ್ಸಿನ ಪೋಸ್ಟಾಫೀಸನ್ನೂ ನೋಡಿಕೊಳ್ಳಬೇಕು. ಆಮೇಲೆ ಸಮಾಜಶಾಸ್ತ್ರದ ಪಾಠವನ್ನೂ ಮಾಡಿದರು. ಟ್ರ್ಯಾಕ್ ಅಂತ ಇದ್ದದ್ದು ಬರೀ ಮಣ್ಣಿನದು, ಅದಕ್ಕೆ ಗೆರೆಯೂ ಇಲ್ಲ. ಮೇಷ್ಟ್ರು ತಮ್ಮದೇ ಖರ್ಚಿನಲ್ಲಿ ತಾವೇ ಗೆರೆ ಎಳೆಯುತ್ತಿದ್ದರು. ಹುಡುಗಿಯರಿಗೆ ಕ್ರೀಡಾ ಸ್ಕಾಲರ್‌ಶಿಪ್ ಇರಲಿಲ್ಲ. ದಿನಕ್ಕೆ ಎರಡು ಗಂಟೆ ಕ್ಯಾಂಪಸ್ಸಿನಲ್ಲಿ ಕೆಲಸ ಮಾಡಿ ಫೀಸು ತೀರಿಸುತ್ತಿದ್ದರು. ಬೇರೆ ಊರಿನಲ್ಲಿ ಪಂದ್ಯ ಇದ್ದರೆ ಮೇಷ್ಟ್ರ ಕಾರೇ ಗತಿ. ದಾರಿಯ ಪೆಟ್ರೋಲ್ ಬಂಕು, ಹೋಟೆಲುಗಳಲ್ಲಿ ಕಪ್ಪು ಜನರಿಗೆ ಶೌಚಾಲಯ ಕೊಡುತ್ತಿರಲಿಲ್ಲ. ರಸ್ತೆಬದಿಯ ಹೊಲದ ಹತ್ತಿರ ಕಾರು ನಿಲ್ಲಿಸಬೇಕಿತ್ತು. ಹೀಗೆ ಹೋಗಿ ಗೆದ್ದು ಬರುತ್ತಿದ್ದರು. (ನಾನು ಓದಿದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಗ್ರೌಂಡನ್ನೇ ಪಾರ್ಕಿಂಗ್ ಮಾಡಿದ್ದರು. ಆ ಕಥೆ ಇನ್ನೊಮ್ಮೆ.)

ಟೆಂಪಲ್ ಮೇಷ್ಟ್ರ ಶಿಸ್ತು ಮಾತ್ರ ನಮ್ಮ ಕಡೆಯ ಹಳೇ ಪಿ.ಟಿ. ಮೇಷ್ಟ್ರುಗಳನ್ನು ನೆನಪಿಸುವಂಥದ್ದು. ಪ್ರ್ಯಾಕ್ಟೀಸಿಗೆ ಎಷ್ಟು ನಿಮಿಷ ತಡವೋ ಅಷ್ಟು ಸುತ್ತು ಹೆಚ್ಚಿಗೆ ಓಡಬೇಕು. ವಿಲ್ಮಾ ಒಂದು ದಿನ ನಿದ್ದೆ ಹೋಗಿ ಅರ್ಧ ಗಂಟೆ ತಡ ಮಾಡಿದಳು. 30 ಸುತ್ತು! ಮಾರನೇ ದಿನ ಅರ್ಧ ಗಂಟೆ ಮುಂಚೆಯೇ ಬಂದು ಟ್ರ್ಯಾಕಿನ ಮೇಲೆ ಕೂತಿದ್ದಳಂತೆ.

1956ರ ಮೆಲ್ಬರ್ನ್‌ನಲ್ಲಿ 4x100 ರಿಲೇ ಕಂಚು ಗೆದ್ದ ಅಮೆರಿಕ ತಂಡದ ನಾಲ್ವರೂ ಟೈಗರ್‌ಬೆಲ್ಸ್. ವಿಲ್ಮಾಳಿಗೆ ಆಗ 16 ವರ್ಷ, ಇನ್ನೂ ಹೈಸ್ಕೂಲು. ಬೇಸಿಗೆ ಶಿಬಿರದಲ್ಲೇ ಮೇಷ್ಟ್ರ ಕೈಗೆ ಸಿಕ್ಕಿದ್ದಳು. 1960ರ ರೋಮ್‌ನಲ್ಲೂ ರಿಲೇಯ ನಾಲ್ವರೂ ಇದೇ ಕಾಲೇಜಿನವರು: ಮಾರ್ಥಾ ಹಡ್ಸನ್, ಲುಸಿಂಡಾ ವಿಲಿಯಮ್ಸ್, ಬಾರ್ಬರಾ ಜೋನ್ಸ್, ವಿಲ್ಮಾ. ಫೈನಲ್‌ನಲ್ಲಿ ಕೊನೆಯ ಬ್ಯಾಟನ್ ಬದಲಾವಣೆ ಎಡವಟ್ಟಾಯಿತು, ಬ್ಯಾಟನ್ ಬಿದ್ದೇಹೋಗುವಂತಿತ್ತು. ಆದರೂ ಜರ್ಮನಿಯವಳನ್ನು ಹಿಂದಿಕ್ಕಿ 44.5 ಸೆಕೆಂಡಿನಲ್ಲಿ ಮುಗಿಸಿದಳು. ಒಂದು ಇಡೀ ದೇಶದ ರಿಲೇ ತಂಡ ಒಂದೇ ಮಣ್ಣಿನ ಟ್ರ್ಯಾಕಿನಿಂದ ಬಂದದ್ದು! ನಮ್ಮ ಮಿಲ್ಖಾ ಸಿಂಗ್ 400 ಮೀಟರ್‌ನಲ್ಲಿ ನಾಲ್ಕನೆಯವರಾದದ್ದೂ ಅದೇ ರೋಮ್‌ನಲ್ಲಿ.

ಊರಿನವರು ಮೆರವಣಿಗೆ ಇಟ್ಟುಕೊಂಡರು. ಬಿಳಿಯರು ಕರಿಯರು ಒಟ್ಟಿಗೆ ಸೇರುವುದಾದರೆ ಮಾತ್ರ ಬರುತ್ತೇನೆ ಎಂದು ವಿಲ್ಮಾ ಹಠ ಹಿಡಿದಳು. ಒಪ್ಪಲೇಬೇಕಾಯಿತು. ಕ್ಲಾರ್ಕ್ಸ್‌ವಿಲ್‌ನಲ್ಲಿ ಎರಡೂ ಕಡೆಯವರು ಒಟ್ಟಿಗೆ ಸೇರಿದ ಮೊದಲ ಸಮಾರಂಭ ಅದು. ಚಿನ್ನಗಳಿಗಿಂತ ನನಗೆ ಇದೇ ದೊಡ್ಡದು ಅನಿಸುತ್ತದೆ.

ಆಮೇಲೆ ಬಂದವಳು ವೈಯೋಮಿಯಾ ಟೈಯಸ್. 1964ರ ಟೋಕಿಯೋ ಮತ್ತು 1968ರ ಮೆಕ್ಸಿಕೋ, ಎರಡರಲ್ಲೂ 100 ಮೀಟರ್ ಚಿನ್ನ. ಗಂಡು ಹೆಣ್ಣು ಇಬ್ಬರನ್ನೂ ಸೇರಿಸಿದರೂ ಈ ಪಟ್ಟ ಉಳಿಸಿಕೊಂಡ ಮೊದಲ ವ್ಯಕ್ತಿ ಅವಳೇ. ಕಾರ್ಲ್ ಲೂಯಿಸ್ ಅದನ್ನು ಮಾಡಿದ್ದು 1988ರಲ್ಲಿ. ಆದರೆ ಕ್ವಿಜ್‌ಗಳಲ್ಲಿ ನಾವು ಕೇಳುವುದು ಲೂಯಿಸ್ ಹೆಸರನ್ನೇ. ಅದೇ ಮೆಕ್ಸಿಕೋದಲ್ಲಿ ಇದೇ ಕಾಲೇಜಿನ ಮ್ಯಾಡಲೀನ್ ಮ್ಯಾನಿಂಗ್ 800 ಮೀಟರ್ ಗೆದ್ದಳು. ಆ ಓಟದಲ್ಲಿ ಇನ್ನೊಬ್ಬ ಅಮೆರಿಕನ್ ಹುಡುಗಿಗೆ ಚಿನ್ನ ಸಿಗಲು 2021 ಆಗಬೇಕಾಯಿತು.

ಇಷ್ಟೆಲ್ಲ ಗೆದ್ದ ಕಾಲೇಜು ಮುಂದೆ ಏನಾಯಿತು? ನನ್ನನ್ನು ತುಂಬಾ ಕಾಡಿದ್ದು ಈ ಭಾಗ.

1972ರ ಜೂನ್ 23ರಂದು ಅಮೆರಿಕದಲ್ಲಿ 'ಟೈಟಲ್ ನೈನ್' ಎಂಬ ಕಾನೂನಿಗೆ ಸಹಿ ಬಿತ್ತು. ಸರ್ಕಾರದ ದುಡ್ಡು ಪಡೆಯುವ ಶಿಕ್ಷಣ ಸಂಸ್ಥೆಗಳು ಹೆಣ್ಣು ಗಂಡು ಎಂದು ಭೇದ ಮಾಡುವಂತಿಲ್ಲ. (ಅವತ್ತು ವಿಲ್ಮಾಳ 32ನೇ ಹುಟ್ಟುಹಬ್ಬ ಕೂಡ!) ದೊಡ್ಡ ವಿಶ್ವವಿದ್ಯಾಲಯಗಳು ಹುಡುಗಿಯರ ತಂಡ ಕಟ್ಟಿದವು, ಸ್ಕಾಲರ್‌ಶಿಪ್ ಕೊಟ್ಟವು. ಅಷ್ಟರಲ್ಲಿ ಅವುಗಳ ಬಾಗಿಲು ಕಪ್ಪು ವಿದ್ಯಾರ್ಥಿಗಳಿಗೂ ತೆರೆದಿತ್ತು. ಒಳ್ಳೆಯ ಟ್ರ್ಯಾಕು, ಜಿಮ್ಮು, ಪೂರ್ತಿ ಫೀಸು ಸಿಗುವಾಗ ದಿನಕ್ಕೆರಡು ಗಂಟೆ ಕೆಲಸ ಮಾಡಿ ಓದಲು ಯಾರು ಬರುತ್ತಾರೆ? ಟೈಗರ್‌ಬೆಲ್ಸ್ ಮೊದಲಿನಂತೆ ಉಳಿಯಲಿಲ್ಲ. ಎರಡು ಅನ್ಯಾಯ ಸರಿಹೋದವು, ಅದರ ಬೆಲೆ ಕೊಟ್ಟದ್ದು ಮಾತ್ರ ಆ ಅನ್ಯಾಯದ ದಿನಗಳಲ್ಲಿ ಹುಡುಗಿಯರನ್ನು ಓಡಿಸಿದ ಕಾಲೇಜು. ಕಾನೂನು ತಪ್ಪು ಅಂತ ಖಂಡಿತ ಹೇಳುತ್ತಿಲ್ಲ. ಆದರೂ ಮನಸ್ಸಿಗೆ ಕಸಿವಿಸಿ.

ಈ ಬದಲಾವಣೆ ನಮಗೂ ತಟ್ಟಿದೆ. 1984ರ ಲಾಸ್ ಏಂಜಲೀಸ್‌ನಲ್ಲಿ ಪಿ.ಟಿ. ಉಷಾ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕಳೆದುಕೊಂಡ ಹರ್ಡಲ್ಸ್ ಓಟ ನೆನಪಿದೆಯಲ್ಲ? ಅದನ್ನು ಗೆದ್ದ ಮೊರಾಕ್ಕೋದ ನವಾಲ್ ಎಲ್ ಮುತವಕ್ಕಿಲ್ ಓದುತ್ತಿದ್ದದ್ದು ಅಯೋವಾ ಸ್ಟೇಟ್‌ನಲ್ಲಿ. ಬೆಳ್ಳಿ ಗೆದ್ದ ಜೂಡಿ ಬ್ರೌನ್ ಮಿಷಿಗನ್ ಸ್ಟೇಟ್‌ನವಳು. ಎರಡೂ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯಗಳು. ಅದೇ ಕೂಟದಲ್ಲಿ ಟೈಗರ್‌ಬೆಲ್ ಶಾಂಡ್ರಾ ಚೀಸ್‌ಬರೋ ಎರಡು ರಿಲೇ ಚಿನ್ನ, 400 ಮೀಟರ್ ಬೆಳ್ಳಿ ಗೆದ್ದಳು. ಮುಂದೆ ಅವಳೇ ಆ ಕಾಲೇಜಿನ ಕೋಚ್ ಆದಳು.

ಟೆಂಪಲ್ ನಿವೃತ್ತರಾದದ್ದು 1994ರಲ್ಲಿ. ಅದೇ ವರ್ಷ ನವೆಂಬರಿನಲ್ಲಿ ವಿಲ್ಮಾ ತೀರಿಕೊಂಡಳು, 54ಕ್ಕೆ. ಮೇಷ್ಟ್ರು 2016ರವರೆಗೆ ಇದ್ದರು. ಅವರ ಲೆಕ್ಕದಲ್ಲಿ 40 ಜನ ಒಲಿಂಪಿಯನ್ನರು, 23 ಪದಕ, ಅದರಲ್ಲಿ 13 ಚಿನ್ನ. ಆ 40 ಜನರಲ್ಲಿ 39 ಜನ ಡಿಗ್ರಿ ಮುಗಿಸಿದ್ದಾರೆ.