ವಾದ್ಯವೃಂದಕ್ಕೆ ತಕ್ಕ ಸಂಗೀತ: ಒಂದು ಚಾರಿತ್ರಿಕ ಅವಲೋಕನ

ನಮ್ಮ ಧರ್ಮಕೇಂದ್ರದ ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ದೇವಾಲಯದ ಕಟ್ಟಡ, ಗುರುಪರಂಪರೆ, ಶಾಲೆ, ಸಂಘಸಂಸ್ಥೆಗಳ ಚರಿತ್ರೆಯನ್ನು ಬರೆಯುವವರು ಹಲವರಿದ್ದಾರೆ. ಹಬ್ಬದ ದಿನ ತೇರಿನ ಮುಂದೆ ನಡೆಯುವ ವಾದ್ಯವೃಂದದ ವಿಷಯವಾಗಿ ಬರೆಯುವವರು ವಿರಳ. ಆದರೂ ಹಬ್ಬದ ಸಿದ್ಧತೆಯ ಸಭೆಗಳಲ್ಲಿ ದೀರ್ಘ ಚರ್ಚೆಗೆ ಒಳಗಾಗುವುದು ಇದೇ ವಿಷಯ. ಯುವಕರಿಗೆ ಜನಪ್ರಿಯ ಚಲನಚಿತ್ರಗೀತೆಗಳ ಧಾಟಿ ಬೇಕು. ಹಿರಿಯರಿಗೆ ತಾವು ಬಾಲ್ಯದಿಂದ ಹಾಡಿಬಂದ ಭಕ್ತಿಗೀತೆಗಳೇ ಬೇಕು. ಯಾವ ಸಂಗೀತವನ್ನು, ಎಲ್ಲಿ, ಯಾರಿಗಾಗಿ ನುಡಿಸಬೇಕು ಎಂಬ ಈ ಪ್ರಶ್ನೆಗೆ ದೀರ್ಘವಾದ ಚರಿತ್ರೆಯಿದೆ. ಅದನ್ನು ಸಂಗ್ರಹವಾಗಿ ಭಕ್ತಾದಿಗಳ ಮುಂದಿಡಲು ನಾವು ಇಚ್ಛಿಸುತ್ತೇವೆ.

ಪವಿತ್ರ ಗ್ರಂಥದಿಂದಲೇ ಆರಂಭಿಸೋಣ. ಸಂಖ್ಯಾಕಾಂಡದ 10ನೆಯ ಅಧ್ಯಾಯದಲ್ಲಿ ಸರ್ವೇಶ್ವರನು ಮೋಶೆಗೆ ಬೆಳ್ಳಿಯ ಎರಡು ತುತೂರಿಗಳನ್ನು ಮಾಡಿಸುವಂತೆ ಆಜ್ಞಾಪಿಸುತ್ತಾನೆ. ಎರಡನ್ನೂ ಊದಿದರೆ ಸರ್ವಜನರೂ ಗುಡಾರದ ಬಾಗಿಲಿಗೆ ಬರಬೇಕು; ಒಂದನ್ನೇ ಊದಿದರೆ ನಾಯಕರು ಮಾತ್ರ ಬರಬೇಕು; ಆರ್ಭಟದಿಂದ ಊದಿದರೆ ಪಾಳೆಯವು ಹೊರಡಬೇಕು. ಅಂದರೆ ನುಡಿಸುವ ಧ್ವನಿಗೆ ನಿಶ್ಚಿತವಾದ ಅರ್ಥವಿರಬೇಕು, ಕೇಳುವವನು ಅದನ್ನು ತಿಳಿದು ಹೆಜ್ಜೆಯಿಡಬೇಕು. ಸಂತ ಪೌಲರೂ ಕೊರಿಂಥದವರಿಗೆ ಬರೆದ ಪ್ರಥಮ ಪತ್ರದಲ್ಲಿ, ಅಸ್ಪಷ್ಟವಾಗಿ ಊದಿದ ತುತೂರಿಯಿಂದ ಯಾವ ಸೈನಿಕನೂ ಸಿದ್ಧನಾಗುವುದಿಲ್ಲವೆಂಬ ಭಾವವನ್ನು ತಂದಿದ್ದಾರೆ.

ಧರ್ಮಸಭೆಯ ವಿಧಿ

ಇತ್ತೀಚಿನ ಶತಮಾನಗಳಲ್ಲಿ ಈ ವಿಷಯವನ್ನು ಸ್ಪಷ್ಟವಾಗಿ ನಿರ್ಣಯಿಸಿದವರು ಜಗದ್ಗುರು ಸಂತ ಹತ್ತನೆಯ ಪಿಯೂಸರು. 1903ರ ನವೆಂಬರ್ 22ರಂದು, ಸಂಗೀತಗಾರರ ಪಾಲಕಿಯಾದ ಸಂತ ಸಿಸಿಲಿಯಳ ಹಬ್ಬದಂದು, ಅವರು ಹೊರಡಿಸಿದ ಆಜ್ಞಾಪತ್ರದಲ್ಲಿ ದೇವಾಲಯದೊಳಗೆ ಡೋಲು, ತಾಳಗಳಂಥ ಗದ್ದಲದ ವಾದ್ಯಗಳನ್ನೂ ಬ್ಯಾಂಡನ್ನೂ ನಿಷೇಧಿಸಿದರು. ಹೊರಗಣ ಮೆರವಣಿಗೆಯಲ್ಲಿ ಮಾತ್ರ ಧರ್ಮಾಧ್ಯಕ್ಷರು ಬ್ಯಾಂಡಿಗೆ ಅನುಮತಿ ನೀಡಬಹುದೆಂದೂ, ಅಲ್ಲಿ ಲೌಕಿಕ ಕೃತಿಗಳನ್ನು ನುಡಿಸಕೂಡದೆಂದೂ ವಿಧಿಸಿದರು. ಮೆರವಣಿಗೆಯಲ್ಲಿ ನಡೆಯುವ ಸಂಘಗಳು ಲತೀನಿನಲ್ಲಾಗಲಿ ದೇಶಭಾಷೆಯಲ್ಲಾಗಲಿ ಹಾಡುವ ಗೀತೆಗೆ ಬ್ಯಾಂಡು ಒತ್ತಾಸೆಯಾಗಿದ್ದರೆ ಉತ್ತಮವೆಂಬುದು ಅವರ ಆಶಯವಾಗಿತ್ತು. ಜನರು ಹಾಡಬೇಕು, ವಾದ್ಯವು ಅವರನ್ನು ಎತ್ತಿಹಿಡಿಯಬೇಕು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಆಯಾ ದೇಶದ ವಾದ್ಯಗಳಿಗೆ ಬಾಗಿಲು ತೆರೆಯಿತಾದರೂ, ಅವು ಪವಿತ್ರ ಕಾರ್ಯಕ್ಕೆ ಯೋಗ್ಯವಾಗಿರಬೇಕೆಂಬ ನಿಯಮವನ್ನು ಸಡಿಲಿಸಲಿಲ್ಲ.

ಅಮೆರಿಕದ ಧರ್ಮಕೇಂದ್ರಗಳ ಪ್ರಯೋಗ

ಮೆರವಣಿಗೆಯ ವಾದ್ಯವನ್ನು ಒಂದು ಮಹಾಕಲೆಯಾಗಿ ಬೆಳೆಸಿದ ಕೀರ್ತಿ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ಸಲ್ಲುತ್ತದೆ. ಮೊದಲನೆಯ ಮಹಾಯುದ್ಧದಿಂದ ಹಿಂದಿರುಗಿದ ಯೋಧರು ತಮ್ಮ ಸಂಘಗಳ ಆಶ್ರಯದಲ್ಲಿ ಡ್ರಮ್ ಮತ್ತು ಬ್ಯೂಗಲ್ ದಳಗಳನ್ನು ಕಟ್ಟಿದರು. ಸೈನ್ಯದ ಬ್ಯೂಗಲ್‌ಗೆ ಕೀಲಿಗಳಿಲ್ಲ. ತುಟಿಯ ಒತ್ತಡದಿಂದ ಹೊರಡುವ ಐದಾರು ಸ್ವರಗಳಷ್ಟೇ ಅದರ ಸಂಪತ್ತು. ಆದುದರಿಂದ ಸೈನ್ಯದ ಕರೆಗಳು, ಸರಳವಾದ ನಡಿಗೆಯ ಗೀತೆಗಳು, ಇವೇ ಆಗಿನ ಸಂಗೀತ. ಮುಂದೆ ಒಂದು ಪಿಸ್ಟನ್ ಕೀಲಿ ಸೇರಿತು. ಸ್ವರಗಳು ಹೆಚ್ಚಿದಂತೆ ಆಯ್ಕೆಯೂ ವಿಸ್ತಾರವಾಯಿತು. ಸಂಗೀತದ ಆಯ್ಕೆಗೆ ಮೊದಲ ಮಿತಿಯನ್ನು ವಾದ್ಯವೇ ಹಾಕುತ್ತದೆಂಬ ಸತ್ಯವನ್ನು ಇಲ್ಲಿ ಗಮನಿಸಬೇಕು.

ಯೋಧರನ್ನು ಅನುಸರಿಸಿ ಕಥೋಲಿಕ ಧರ್ಮಕೇಂದ್ರಗಳೂ ಈ ಕ್ಷೇತ್ರವನ್ನು ಪ್ರವೇಶಿಸಿದವು. 1930ರಲ್ಲಿ ಶಿಕಾಗೋ ನಗರದಲ್ಲಿ ಸಹಾಯಕ ಬಿಷಪ್ ಬರ್ನಾರ್ಡ್ ಶೀಲ್‌ರವರು ಕಥೋಲಿಕ ಯುವ ಸಂಘಟನೆಯನ್ನು ಸ್ಥಾಪಿಸಿದರು. ಅದು ಆರ್ಥಿಕ ಮುಗ್ಗಟ್ಟಿನ ಕಾಲ. ಕೆಲಸವಿಲ್ಲದ ಮನೆಗಳ ಮಕ್ಕಳು ಬೀದಿಪಾಲಾಗದಂತೆ ನೋಡಿಕೊಳ್ಳುವುದು ಗುರುಗಳ ಚಿಂತೆಯಾಗಿತ್ತು. 1934ರಲ್ಲಿ ನ್ಯೂಜೆರ್ಸಿಯ ಗಾರ್‌ಫೀಲ್ಡ್ ಪಟ್ಟಣದ ಪವಿತ್ರ ನಾಮದ ದೇವಾಲಯದಲ್ಲಿ 'ಹೋಲಿ ನೇಮ್ ಕೆಡೆಟ್ಸ್' ದಳ ಹುಟ್ಟಿತು. 1940ರಲ್ಲಿ ಬಾಸ್ಟನ್ ನಗರದ ಹೈಡ್ ಪಾರ್ಕಿನ ಅಮೂಲ್ಯ ರಕ್ತದ ಧರ್ಮಕೇಂದ್ರದಲ್ಲಿ ಹುಟ್ಟಿದ ದಳವೇ ಮುಂದೆ 'ಬಾಸ್ಟನ್ ಕ್ರುಸೇಡರ್ಸ್' ಎಂದು ಪ್ರಸಿದ್ಧವಾಯಿತು. ಬೇಯಾನ್‌ನ ಸಂತ ವಿನ್ಸೆಂಟರ ದಳ, ನ್ಯೂಆರ್ಕಿನ ಪರಮಪ್ರಸಾದದ ದಳ, ಬಾಸ್ಟನ್ನಿನ ಸಂತ ಕೆವಿನ್ನರ ದಳ, ಇವೆಲ್ಲವೂ ಧರ್ಮಕೇಂದ್ರಗಳ ಮಡಿಲಲ್ಲಿ ಬೆಳೆದವು.

ಇವರ ಸ್ಪರ್ಧಾಪ್ರದರ್ಶನ ಸುಮಾರು ಹನ್ನೆರಡು ನಿಮಿಷಗಳದು. ಪ್ರವೇಶಕ್ಕೆ ಒಂದು ಗೀತೆ, ರಾಷ್ಟ್ರಧ್ವಜದ ವಂದನೆಗೆ ದೇಶಭಕ್ತಿಯ ಗೀತೆ, ನಿಂತು ನುಡಿಸಲು ಒಂದು ಕೃತಿ, ನಿರ್ಗಮನಕ್ಕೆ ಮತ್ತೊಂದು ಎಂಬ ಕ್ರಮವಿತ್ತು. ತೀರ್ಪುಗಾರರು ಪ್ರತಿ ದೋಷಕ್ಕೂ ಅಂಕ ಕಳೆಯುತ್ತಿದ್ದುದರಿಂದ, ತಪ್ಪಿಲ್ಲದೆ ನುಡಿಸಬಹುದಾದುದನ್ನು ಆಯ್ದುಕೊಳ್ಳುವುದೇ ಜಾಣತನವೆನಿಸಿತ್ತು.

ಪ್ರಕೃತಿಯ ನಿಯಮವೂ ಆಯ್ಕೆಗೆ ಅಡ್ಡ ಬರುತ್ತದೆ. ಅವರ ಆಟದ ಮೈದಾನದ ಉದ್ದ 100 ಗಜ, ಅಂದರೆ ಸುಮಾರು 91 ಮೀಟರ್. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುವುದರಿಂದ ಒಂದು ತುದಿಯ ಡ್ರಮ್ಮಿನ ಪೆಟ್ಟು ಇನ್ನೊಂದು ತುದಿಗೆ ಕಾಲು ಸೆಕೆಂಡಿಗಿಂತ ತಡವಾಗಿ ಮುಟ್ಟುತ್ತದೆ. ನಿಮಿಷಕ್ಕೆ 120 ಹೆಜ್ಜೆಗಳ ನಡಿಗೆಯಲ್ಲಿ ಇದು ಅರ್ಧ ಹೆಜ್ಜೆಗೂ ಮೀರಿದ ಅಂತರ. ನಮ್ಮ ಮೆರವಣಿಗೆಗಳಲ್ಲಿ ಹಿಂದಿನ ಸಾಲಿನ ಮಾತೆಯರ ಗಾಯನವೂ ಮುಂದಿನ ಬ್ಯಾಂಡೂ ಏಕೆ ಕೂಡುವುದಿಲ್ಲವೆಂಬುದಕ್ಕೆ ಇದೂ ಒಂದು ಕಾರಣ. ಬ್ಯಾಂಡನ್ನು ಸಾಲಿನ ನಡುವೆ ನಿಲ್ಲಿಸಿ ನಿಧಾನಗತಿಯ ಗೀತೆಯನ್ನು ಆಯ್ದರೆ ಬಹುಮಟ್ಟಿಗೆ ಪರಿಹಾರ ದೊರೆಯುತ್ತದೆ.

ಅಗಲಿಕೆ ಮತ್ತು ಉಳಿದ ಹೆಸರು

1958ರಲ್ಲಿ ಹೋಲಿ ನೇಮ್ ದಳವು ತನ್ನ ಧರ್ಮಕೇಂದ್ರದಿಂದ ಬೇರ್ಪಟ್ಟು 'ಗಾರ್‌ಫೀಲ್ಡ್ ಕೆಡೆಟ್ಸ್' ಆಯಿತು. 1971ರಲ್ಲಿ ಪ್ರಮುಖ ದಳಗಳು ಯೋಧಸಂಘಗಳ ನಿಯಮಗಳಿಂದ ಬಿಡುಗಡೆ ಬಯಸಿ 'ಡ್ರಮ್ ಕೋರ್ ಇಂಟರ್‌ನ್ಯಾಷನಲ್' ಎಂಬ ಸಂಸ್ಥೆಯನ್ನು ಸ್ಥಾಪಿಸಿದವು. 1972ರಲ್ಲಿ ವಿಸ್ಕಾನ್ಸಿನ್ನಿನ ವೈಟ್‌ವಾಟರಿನಲ್ಲಿ ಅದರ ಮೊದಲ ಮಹಾಸ್ಪರ್ಧೆ ನಡೆಯಿತು. 1977ರಲ್ಲಿ ಎರಡು ಕೀಲಿಗಳಿಗೆ, 1990ರಲ್ಲಿ ಮೂರು ಕೀಲಿಗಳಿಗೆ ಒಪ್ಪಿಗೆ ದೊರೆಯಿತು. ಆಯ್ಕೆಯ ಕ್ಷೇತ್ರ ಅಪಾರವಾಯಿತು: ಕಾನ್‌ಕಾರ್ಡಿನ 'ಬ್ಲೂ ಡೆವಿಲ್ಸ್' ಜಾಝ್ ಸಂಗೀತವನ್ನು ಅಪ್ಪಿಕೊಂಡಿತು, 'ಸ್ಟಾರ್ ಆಫ್ ಇಂಡಿಯಾನಾ' 1991ರಲ್ಲಿ ರೆಸ್ಪೀಗಿಯವರ ರೋಮ್ ನಗರದ ಕೃತಿಗಳಿಂದ ಗೆದ್ದಿತು. ಗಾರ್‌ಫೀಲ್ಡಿನ ದಳವು 1985ರಲ್ಲಿ ಬರ್ನ್‌ಸ್ಟೈನರ 'ಜೆರೆಮಾಯ' ಸಿಂಫನಿಯನ್ನೂ, 1987ರಲ್ಲಿ ಕೋಪ್ಲೆಂಡರ 'ಅಪಲೇಚಿಯನ್ ಸ್ಪ್ರಿಂಗ್' ಕೃತಿಯನ್ನೂ ಮೈದಾನಕ್ಕೆ ತಂದು ಎರಡು ಬಾರಿಯೂ ಪ್ರಥಮ ಸ್ಥಾನ ಗಳಿಸಿತು. ಪ್ರವಾದಿ ಯೆರೆಮೀಯನ ಪ್ರಲಾಪವೂ, ಸರಳ ಜೀವನವನ್ನು ಕೊಂಡಾಡುವ ಶೇಕರ್ ಪಂಗಡದ ಭಕ್ತಿಗೀತೆಯ ಧಾಟಿಯೂ ಹೀಗೆ ಕ್ರೀಡಾಂಗಣದಲ್ಲಿ ಮೊಳಗಿದವು. ಇತ್ತ ಅಮೂಲ್ಯ ರಕ್ತದ ಧರ್ಮಕೇಂದ್ರದಲ್ಲಿ ಹುಟ್ಟಿದ ಬಾಸ್ಟನ್ ದಳವು ತನ್ನ ಗುರುತಿನ ಗೀತೆಯಾಗಿ ಆರಿಸಿಕೊಂಡದ್ದು ಆಲ್‌ಫ್ರೆಡ್ ನ್ಯೂಮನ್‌ರು 1947ರ ಚಲನಚಿತ್ರವೊಂದಕ್ಕೆ ರಚಿಸಿದ 'ಕಾಂಕ್ವೆಸ್ಟ್' ಎಂಬ ನಡಿಗೆಯ ಸಂಗೀತವನ್ನು!

ಇವೆಲ್ಲಕ್ಕಿಂತಲೂ ನಮ್ಮ ಮನವನ್ನು ಕಲಕುವ ಸಂಗತಿ ಬೇರೊಂದಿದೆ. ದೇವಾಲಯದಿಂದ ಬೇರ್ಪಟ್ಟು ದಶಕಗಳು ಸಂದರೂ ಗಾರ್‌ಫೀಲ್ಡಿನ ಯುವಕರು ತಮ್ಮ ದಳಗೀತೆಯಲ್ಲಿ ಪವಿತ್ರ ನಾಮವನ್ನೇ ಹಾಡುತ್ತ ಬಂದರು. ಊರು ಬದಲಾಯಿತು, ಆಶ್ರಯ ಬದಲಾಯಿತು, ವಾದ್ಯಗಳು ಬದಲಾದವು. ಆ ಹೆಸರು ಗೀತೆಯೊಳಗೆ ಉಳಿಯಿತು. 2024ರಲ್ಲಿ, ತೊಂಬತ್ತು ವರ್ಷಗಳ ಬಳಿಕ, ಆ ದಳವೇ ನಿಂತುಹೋಯಿತು. ಸ್ಪರ್ಧೆಗೆಂದು ಆಯ್ದ ಕೃತಿಗಳು ಆಯಾ ವರ್ಷದೊಂದಿಗೆ ಮುಗಿದವು. ಒಟ್ಟಾಗಿ ಹಾಡಲೆಂದು ಆಯ್ದ ಒಂದು ಗೀತೆ ಮಾತ್ರ ತಲೆಮಾರುಗಳನ್ನು ದಾಟಿತು.

ನಮಗೆ ದೊರೆಯುವ ಪಾಠ

ಈ ಚರಿತ್ರೆಯಿಂದ ಎರಡು ವಿಷಯಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಸ್ಥಳವನ್ನು ವಿವೇಚಿಸಬೇಕು. ಶಾಲೆಯ ಮೈದಾನದಲ್ಲಿ, ಕ್ರೀಡೋತ್ಸವದಲ್ಲಿ ಯುವಕರು ಚಲನಚಿತ್ರದ ಧಾಟಿಯನ್ನು ನುಡಿಸಿದರೆ ದೋಷವೇನೂ ಇಲ್ಲ. ಪರಮಪ್ರಸಾದದ ಮುಂದೆ, ದೇವಮಾತೆಯ ತೇರಿನ ಮುಂದೆ ಅದೇ ಧಾಟಿ ಕೇಳಿದಾಗ, ಕೇಳುವವನ ಮನಸ್ಸು ಚಿತ್ರಮಂದಿರಕ್ಕೆ ಹೋಗುತ್ತದೆಯೇ ಹೊರತು ಪ್ರಾರ್ಥನೆಗೆ ಬರುವುದಿಲ್ಲ. ಎರಡನೆಯದಾಗಿ, ಯುವಕರನ್ನು ವಿವೇಚಿಸಬೇಕು. ಗಾರ್‌ಫೀಲ್ಡಿನಲ್ಲಾಗಲಿ ಬಾಸ್ಟನ್ನಿನಲ್ಲಾಗಲಿ ಧರ್ಮಕೇಂದ್ರಗಳು ದಳ ಕಟ್ಟಿದ್ದು ಮಕ್ಕಳಿಗಾಗಿ. ಅವರ ಅಭಿರುಚಿಯನ್ನು ತಿರಸ್ಕರಿಸಿ ವಾದ್ಯವನ್ನು ಮಾತ್ರ ಉಳಿಸಿಕೊಂಡರೆ, ಬಾಡಿಗೆಯ ಬ್ಯಾಂಡು ತೇರಿನ ಮುಂದೆ ನಡೆಯುತ್ತದೆ. ನಮ್ಮ ಮಕ್ಕಳು ರಸ್ತೆಯ ಬದಿಯಲ್ಲಿ ನಿಂತು ನೋಡುತ್ತಾರೆ.

ಆದಕಾರಣ, ಪ್ರಿಯ ಭಕ್ತಾದಿಗಳೇ, ಗೀತೆಗಳನ್ನು ಆಯ್ಕೆಮಾಡುವ ಸಭೆಗೆ ಯುವಕರನ್ನೂ ಗಾಯನವೃಂದದವರನ್ನೂ ಹಿರಿಯರನ್ನೂ ಒಟ್ಟಿಗೆ ಕರೆಯೋಣ. ಪ್ರತಿ ಗೀತೆಯ ಮುಂದೆ ಒಂದೇ ಪ್ರಶ್ನೆಯನ್ನಿಡೋಣ: ತೇರಿನ ಹಿಂದೆ ಬರಿಗಾಲಿನಲ್ಲಿ ನಡೆಯುವ ತಾಯಿ ಇದನ್ನು ಹಾಡಬಲ್ಲಳೇ? ಹಾಡಬಲ್ಲಳಾದರೆ ನುಡಿಸಲಿ, ಹೊಸ ಧಾಟಿಯಾದರೂ ಚಿಂತೆಯಿಲ್ಲ. ಮುಂದಿನ ನೂರು ವರ್ಷಗಳ ಕಾಲವೂ ಈ ಬೀದಿಗಳಲ್ಲಿ ಪ್ರಭುವಿನ ಪವಿತ್ರ ನಾಮವು ನಮ್ಮ ಮಕ್ಕಳ ಬಾಯಲ್ಲೂ ಅವರ ತುತೂರಿಗಳಲ್ಲೂ ಮೊಳಗುತ್ತಿರಲೆಂದು ಹಾರೈಸಿ, ನಿಮ್ಮೆಲ್ಲರನ್ನೂ ದೇವಮಾತೆಯ ಆಶ್ರಯಕ್ಕೆ ಒಪ್ಪಿಸುತ್ತೇವೆ.